ಎಂಜಿನ್ ಬಿಚ್ಚುವ ಮೊದಲು ಫ್ಯಾನ್ ನೋಡಿ: ನಾಡದೋಣಿಯವರಿಗೊಂದು ಬಹಿರಂಗ ಪತ್ರ

ಮಂಗಳೂರಿನಿಂದ ಕಾರವಾರದವರೆಗಿನ ನಾಡದೋಣಿ ಮಾಲೀಕರಿಗೆ, ತಂಡೇಲರಿಗೆ, ಮೀನುಗಾರರ ಸಹಕಾರ ಸಂಘಗಳ ಪದಾಧಿಕಾರಿಗಳಿಗೆ,



ನಾಡದೋಣಿಯ ಖರ್ಚಿನ ಮಾತು ಎದ್ದಾಗಲೆಲ್ಲ ಎರಡು ದೂರು ಒಟ್ಟಿಗೇ ಬರುತ್ತವೆ. ಸೀಮೆಎಣ್ಣೆ ಸಿಗುವುದಿಲ್ಲ, ಸಿಕ್ಕರೂ ಕೊಳ್ಳುವ ಬೆಲೆಯಲ್ಲಿಲ್ಲ ಎಂಬುದು ಒಂದು. ಔಟ್‌ಬೋರ್ಡ್ ಎಂಜಿನ್ ಬಾಳಿಕೆ ಬರುವುದಿಲ್ಲ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಪ್ಲಗ್ ಕರಿ ಕಟ್ಟುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸರ್ಕಾರದ ಬಾಗಿಲು ತಟ್ಟುತ್ತೀರಿ, ಎರಡನೆಯದಕ್ಕೆ ಮೆಕ್ಯಾನಿಕ್‌ನ ಬಾಗಿಲು. ಎರಡೂ ದೂರು ನಿಜವೇ. ಆದರೆ ಎಣ್ಣೆಗೂ ದೋಣಿಯ ಓಟಕ್ಕೂ ನಡುವೆ ನೀರಿನೊಳಗೆ ತಿರುಗುವ ಮೂರು ರೆಕ್ಕೆಯ ಒಂದು ಅಲ್ಯೂಮಿನಿಯಂ ತುಂಡು ಇದೆ, ಅದೇ ಫ್ಯಾನ್. ಅದಕ್ಕೆ ಬಲೆ ಸುತ್ತಿಕೊಂಡಾಗ ಮಾತ್ರ ನಾವು ಅದರ ಕಡೆ ನೋಡುತ್ತೇವೆ. ಭಾರ ಹೊತ್ತು ಓಡುವ ದೋಣಿಗಳಲ್ಲಿ ಹಲವಕ್ಕೆ ಎಂಜಿನ್ ಜೊತೆ ಬಂದ ಫ್ಯಾನ್ ಹೊಂದುವುದಿಲ್ಲ, ಅದರ ಪಿಚ್ ಹೆಚ್ಚಾಗಿರುತ್ತದೆ, ಆ ಒಂದೆರಡು ಇಂಚಿನ ಹೆಚ್ಚುವರಿಯೇ ಎಂಜಿನ್ನಿನ ಆಯಸ್ಸನ್ನೂ ಎಣ್ಣೆಯನ್ನೂ ತಿನ್ನುತ್ತದೆ ಎಂಬುದು ಈ ಪತ್ರದ ವಾದ. ಹೌದೋ ಅಲ್ಲವೋ ಎಂದು ನಿಮ್ಮ ದೋಣಿಯಲ್ಲೇ ಒಂದು ಬೆಳಿಗ್ಗೆಯೊಳಗೆ ಪರೀಕ್ಷಿಸಬಹುದು. ಹಾಗಾಗಿ ನನ್ನ ಮಾತನ್ನು ನಂಬಲೇಬೇಕೆಂದಿಲ್ಲ.

ಫ್ಯಾನಿನ ಗುಂಬದ ಮೇಲೆ, ಇಲ್ಲವೇ ರೆಕ್ಕೆಯ ಬುಡದಲ್ಲಿ, ಎರಡು ಅಂಕಿಗಳನ್ನು ಒತ್ತಿರುತ್ತಾರೆ. 9¼ × 9 ಎಂದಿದ್ದರೆ ಮೊದಲನೆಯದು ಫ್ಯಾನಿನ ವ್ಯಾಸ, ಎರಡನೆಯದು ಪಿಚ್. ಎರಡೂ ಇಂಚಿನ ಲೆಕ್ಕ. ಫ್ಯಾನ್ ಒಂದು ಪೂರ್ತಿ ಸುತ್ತು ತಿರುಗಿದಾಗ, ನೀರು ಒಂದಿಷ್ಟೂ ಜಾರದೆ ಗಟ್ಟಿಯಾಗಿ ನಿಂತರೆ, ದೋಣಿ ಎಷ್ಟು ಮುಂದೆ ಹೋಗಬೇಕಿತ್ತೋ ಅದೇ ಪಿಚ್. ನೀರು ಹಾಗೆ ನಿಲ್ಲುವುದಿಲ್ಲ. ಹಗುರ ದೋಣಿ ನೀರಿನ ಮೇಲೆ ಎದ್ದು ಓಡುವಾಗ ಹತ್ತರಿಂದ ಇಪ್ಪತ್ತು ಶೇಕಡಾ ಜಾರಿ ಹೋಗುತ್ತದೆ. ಬಲೆ, ಐಸು, ಜನ ತುಂಬಿ ನೀರನ್ನು ಸೀಳಿಕೊಂಡು ಹೋಗುವ ದೋಣಿಯಲ್ಲಿ ಈ ಜಾರು ಅರ್ಧದ ಹತ್ತಿರಕ್ಕೂ ಹೋಗಬಹುದು. 9.9 ಅಶ್ವಶಕ್ತಿಯ ಅನೇಕ ಎಂಜಿನ್‌ಗಳಲ್ಲಿ ಗೇರಿನ ಅನುಪಾತ 2.08. ಅಂದರೆ ಎಂಜಿನ್ 2.08 ಸುತ್ತು ತಿರುಗಿದಾಗ ಫ್ಯಾನ್ ಒಂದು ಸುತ್ತು. ಎಂಜಿನ್ 4000 ಸುತ್ತಿನಲ್ಲಿದ್ದರೆ ಫ್ಯಾನ್ ನಿಮಿಷಕ್ಕೆ ಸುಮಾರು 1920 ಸುತ್ತು ತಿರುಗುತ್ತದೆ. ಪಿಚ್ 9 ಇಂಚು ಎಂದರೆ ಒಂದು ಸುತ್ತಿಗೆ ಸುಮಾರು 23 ಸೆಂಟಿಮೀಟರ್. ಗಂಟೆಗೆ ಕೂಡಿದರೆ 26 ಕಿಲೋಮೀಟರ್‌ಗೂ ಮೇಲೆ, ಅಂದರೆ 14 ನಾಟ್. ನಿಮ್ಮ ಮೊಬೈಲಿನ ಜಿಪಿಎಸ್ 7 ನಾಟ್ ತೋರಿಸುತ್ತಿದ್ದರೆ ಉಳಿದ ಅರ್ಧ ಏನಾಯಿತು? ನೀರನ್ನು ಹಿಂದಕ್ಕೆ ಕಲಕುವುದರಲ್ಲೇ ಹೋಯಿತು.

ನೀರು ಕಲಕುವುದು ಎಣ್ಣೆಯ ನಷ್ಟ. ಅದಕ್ಕಿಂತ ಕೆಟ್ಟದ್ದು ಎಂಜಿನ್ನಿನ ಒಳಗೆ ನಡೆಯುತ್ತದೆ. ಪ್ರತಿ ಎಂಜಿನ್ನಿಗೂ ಪೂರ್ತಿ ರೇಸ್ ಕೊಟ್ಟಾಗ ಎಷ್ಟು ಸುತ್ತು ತಿರುಗಬೇಕು ಎಂಬ ಒಂದು ಮಿತಿಯನ್ನು ತಯಾರಿಸಿದವರು ಕೈಪಿಡಿಯಲ್ಲಿ ಬರೆದಿರುತ್ತಾರೆ. ಎರಡು ಸ್ಟ್ರೋಕಿನ ಹಲವು ಸಣ್ಣ ಎಂಜಿನ್‌ಗಳಿಗೆ ಅದು 4500ರಿಂದ 5500. ಪಿಚ್ ಹೆಚ್ಚಿರುವ ಫ್ಯಾನ್ ಹಾಕಿ, ದೋಣಿ ತುಂಬಿಸಿ, ಪೂರ್ತಿ ರೇಸ್ ಕೊಟ್ಟರೂ ಎಂಜಿನ್ 4000 ದಾಟಲಿಲ್ಲ ಎಂದುಕೊಳ್ಳಿ. ಆಗ ಒಂದು ಸುತ್ತಿಗೆ ಅದೇ ಬಲ ಸಿಕ್ಕರೂ 5000ಕ್ಕೆ ಬದಲು 4000 ಸುತ್ತೇ ಆಗಿದ್ದರಿಂದ 9.9 ಅಶ್ವಶಕ್ತಿಯಲ್ಲಿ 8ರಷ್ಟು ಮಾತ್ರ ಹೊರಬರುತ್ತದೆ. ದುಡ್ಡು ಕೊಟ್ಟು ತಂದ ಎರಡು ಅಶ್ವಶಕ್ತಿ ಯಾರ ಉಪಯೋಗಕ್ಕೂ ಬಾರದೆ ಎಂಜಿನ್ನಿನೊಳಗೇ ಉಳಿಯಿತು. ಇತ್ತ ಕಾರ್ಬುರೇಟರ್ ಪೂರ್ತಿ ತೆರೆದಿದೆ, ಸಿಲಿಂಡರಿನ ತುಂಬ ಎಣ್ಣೆ-ಗಾಳಿ ತುಂಬಿದೆ, ಪಿಸ್ಟನ್ ಮಾತ್ರ ಓಡಲಾರದೆ ಓಡುತ್ತಿದೆ. ಶಿರಾಡಿ ಘಾಟಿಯನ್ನು ತುಂಬಿದ ಲಾರಿ ಟಾಪ್ ಗೇರಿನಲ್ಲೇ ಹತ್ತಲು ಹೊರಟ ಹಾಗೆ. ಚಾಲಕ ಎಷ್ಟು ಅದುಮಿದರೂ ಲಾರಿ ನರಳುತ್ತದೆಯೇ ಹೊರತು ಏರುವುದಿಲ್ಲ. ಲಾರಿಯಲ್ಲಾದರೆ ಗೇರ್ ಇಳಿಸಬಹುದು. ಔಟ್‌ಬೋರ್ಡ್ ಎಂಜಿನ್ನಿಗೆ ಮುಂದಕ್ಕೆ ಇರುವುದು ಒಂದೇ ಗೇರು, ಅದನ್ನು ಇಳಿಸುವ ದಾರಿ ಫ್ಯಾನಿನ ಪಿಚ್ ಮಾತ್ರ.

ನರಳುವ ಎಂಜಿನ್ನಿನಲ್ಲಿ ಬಿಸಿ ಹೆಚ್ಚುತ್ತದೆ. ಆ ಬಿಸಿಯನ್ನು ತೆಗೆಯಬೇಕಾದ ನೀರಿನ ಪಂಪು ಎಂಜಿನ್ನಿನ ಶಾಫ್ಟಿಗೇ ಕೂತಿದೆ. ಸುತ್ತು ಕಡಿಮೆಯಾದರೆ ನೀರೂ ಕಡಿಮೆ. ಎರಡು ಸ್ಟ್ರೋಕಿನಲ್ಲಿ ಆಯಿಲ್ ಬರುವುದು ಇಂಧನದ ಜೊತೆಯಲ್ಲಿ; ಮಿಶ್ರಣದಲ್ಲಿ ಸ್ವಲ್ಪ ಕೈಬಿಗಿ ಮಾಡಿದರೂ ಈ ಬಿಸಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಪಿಸ್ಟನ್ನಿನ ತಲೆಯ ಮೇಲೆ, ರಿಂಗಿನ ಸಂದಿನಲ್ಲಿ, ಹೊಗೆ ಹೋಗುವ ದಾರಿಯಲ್ಲಿ ಕರಿ ಕಟ್ಟುತ್ತದೆ. ರಿಂಗ್ ಅಂಟಿಕೊಳ್ಳುತ್ತದೆ. ಒಂದು ದಿನ ಎಂಜಿನ್ ಜಾಮ್. ಬಿಚ್ಚಿದ ಮೆಕ್ಯಾನಿಕ್ ಗೀರು ಬಿದ್ದ ಪಿಸ್ಟನ್ ತೋರಿಸಿ ಬೋರ್ ಮಾಡಬೇಕು ಎನ್ನುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಹೊಸ ಪಿಸ್ಟನ್ ಹಾಕಿ ಹಳೆಯ ಫ್ಯಾನನ್ನೇ ತಿರುಗಿಸಿದರೆ ಅದೇ ರಿಪೇರಿ ಮತ್ತೆ ಬರುವುದಕ್ಕೆ ಮುಹೂರ್ತ ಇಟ್ಟಂತೆಯೇ.

ಇಲ್ಲಿ ನಿಮ್ಮಲ್ಲಿ ಕೆಲವರಾದರೂ ಕೇಳುತ್ತೀರಿ: ಎಂಜಿನ್ ಮಾಡಿದ ಕಂಪನಿಯವರೇ ಪೆಟ್ಟಿಗೆಯಲ್ಲಿಟ್ಟು ಕಳಿಸಿದ ಫ್ಯಾನ್ ಅಲ್ಲವೇ, ಅವರಿಗಿಂತ ನಿನಗೆ ಹೆಚ್ಚು ಗೊತ್ತೇ? ನ್ಯಾಯವಾದ ಪ್ರಶ್ನೆ. ಕಂಪನಿಗೆ ಎಂಜಿನ್ ಗೊತ್ತು, ನಿಮ್ಮ ದೋಣಿ ಗೊತ್ತಿಲ್ಲ. ಅದೇ ಎಂಜಿನ್ ಎಲ್ಲೋ ಸರೋವರದಲ್ಲಿ ಇಬ್ಬರು ಕೂತು ಗಾಳ ಹಾಕುವ ಹಗುರ ದೋಣಿಗೂ ಹೋಗುತ್ತದೆ, ಮಲ್ಪೆಯಲ್ಲಿ ಬಲೆ ತುಂಬಿದ ದೋಣಿಗೂ ಬರುತ್ತದೆ. ಪೆಟ್ಟಿಗೆಯೊಳಗಿನ ಫ್ಯಾನ್ ಯಾರಿಗೂ ತೀರಾ ಕೆಡದಿರಲಿ ಎಂದು ಆರಿಸಿದ್ದು. ಕೈಪಿಡಿ ತೆರೆದರೆ ಕಂಪನಿಗಳೇ ಇದನ್ನು ಹೇಳಿರುವುದು ಕಾಣುತ್ತದೆ: ಭಾರ ಹೆಚ್ಚಿದ್ದರೆ ಪಿಚ್ ಕಡಿಮೆ ಇರುವ ಫ್ಯಾನ್, ಹಗುರವಾಗಿದ್ದರೆ ಪಿಚ್ ಹೆಚ್ಚಿರುವುದು, ಪೂರ್ತಿ ಭಾರದಲ್ಲಿ, ಪೂರ್ತಿ ರೇಸಿನಲ್ಲಿ ಎಂಜಿನ್ ತನ್ನ ಮಿತಿಯ ಮೇಲಿನ ಅರ್ಧದೊಳಗೆ ತಿರುಗುವಂತಿರಬೇಕು. ಈ ಪುಟವನ್ನು ನಮ್ಮ ಕಡೆ ಯಾರೂ ಓದುವುದಿಲ್ಲ. ಕನ್ನಡದಲ್ಲಿ ಆ ಪುಟ ಸಿಕ್ಕರೆ ತಾನೇ ಓದುವುದು. ಭಾರದ ದೋಣಿಗೆಂದೇ ಬೇರೆ ಎಂಜಿನ್ ಮಾಡಿದ ಉದಾಹರಣೆಯೂ ಇದೆ. ಯಮಹಾದ ಟಿ9.9 ಎಂಬ ಎಂಜಿನ್ನಿನಲ್ಲಿ ಗೇರಿನ ಅನುಪಾತ 2.92, ಅದಕ್ಕೆ ತಕ್ಕಂತೆ ದೊಡ್ಡ ವ್ಯಾಸದ ಫ್ಯಾನ್. ಶಕ್ತಿ ಅದೇ 9.9, ಎಂಜಿನ್ 5000 ಸುತ್ತು ತಿರುಗುವಾಗ ಸಾಮಾನ್ಯ ಎಂಜಿನ್ನಿನ ಫ್ಯಾನ್ 2400 ಸುತ್ತು ತಿರುಗಿದರೆ ಇದರದ್ದು 1700 ಚಿಲ್ಲರೆ. ಭಾರ ಎಳೆಯಲು ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಬೇಕು ಎಂಬುದು ತಯಾರಕರಿಗೆ ಗೊತ್ತಿರುವ ವಿಷಯವೇ.

ಇದು ಹೊಸ ಮಾತೂ ಅಲ್ಲ. 1986ರಲ್ಲಿ ಮದರಾಸಿನಲ್ಲಿ ಕಚೇರಿ ಇದ್ದ ಬಂಗಾಳ ಕೊಲ್ಲಿ ಕಾರ್ಯಕ್ರಮ ಎಂಬ ಮೀನುಗಾರಿಕಾ ಯೋಜನೆಗಾಗಿ ಓಯ್ವಿಂಡ್ ಗುಲ್‌ಬ್ರಾಂಡ್ಸನ್ ಸಣ್ಣ ಮೀನುಗಾರಿಕೆ ದೋಣಿಗಳ ಇಂಧನ ಖರ್ಚು ಇಳಿಸುವ ಬಗ್ಗೆ ಒಂದು ಪುಸ್ತಿಕೆ ಬರೆದರು. 2012ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅವರದೇ ಇನ್ನೊಂದು ಕೈಪಿಡಿಯನ್ನು ತಂದಿತು. ಓಟ ತಗ್ಗಿಸಿ, ಸರಿಯಾದ ಫ್ಯಾನ್ ಹಾಕಿ, ದೋಣಿಯ ತಳ ಉಜ್ಜಿ ಇಟ್ಟುಕೊಳ್ಳಿ ಎಂಬುದು ಅವುಗಳ ಸಾರದಲ್ಲಿ ದೊಡ್ಡ ಪಾಲು. ನಲವತ್ತು ವರ್ಷಗಳಾಗುತ್ತ ಬಂದರೂ ಎಂಜಿನ್ ಕೊಳ್ಳುವಾಗ ಅಂಗಡಿಯಲ್ಲಿ ದೋಣಿ ಎಷ್ಟು ಉದ್ದ, ಎಷ್ಟು ಜನ ಹತ್ತುತ್ತೀರಿ ಎಂದು ಕೇಳುವ ಪದ್ಧತಿ ಬೇರೂರಿಲ್ಲ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. ಪಿಚ್ ಇಳಿಸಿದರೆ ಓಟ ಇಳಿಯುತ್ತದೆ; ಬಂಗುಡೆಯ ಗುಂಪು ಕಂಡಲ್ಲಿಗೆ ಮೊದಲು ತಲುಪಿದವನಿಗೇ ಮೀನು, ಎರಡನೆಯವನಿಗೆ ನೀರು. ಇದರಲ್ಲಿ ಅರ್ಧ ಸತ್ಯವಿದೆ. ದೋಣಿ ಖಾಲಿಯಾಗಿ, ನೀರಿನ ಮೇಲೆ ಎದ್ದು ಓಡುವಂಥದ್ದಾಗಿದ್ದರೆ ಹೆಚ್ಚಿನ ಪಿಚ್ಚಿಗೆ ಹೆಚ್ಚಿನ ಓಟ ಸಿಗುತ್ತದೆ. ಇಬ್ಬರು ಮೂವರು ಹೋಗುವ ಹಗುರ ಫೈಬರ್ ದೋಣಿಯವರು ಪಿಚ್ ಇಳಿಸಬೇಕಾಗಿಲ್ಲ. ಕೆಲವರು ಏರಿಸಬೇಕಾಗಿಯೂ ಬರಬಹುದು. ಎಲ್ಲರೂ ಇಳಿಸಿ ಎಂದು ನಾನು ಹೇಳುತ್ತಿಲ್ಲ, ಎಲ್ಲರೂ ಅಳೆಯಿರಿ ಎನ್ನುತ್ತಿದ್ದೇನೆ. ಭಾರದ ದೋಣಿಯ ಮಾತು ಬೇರೆ. ನೀರು ಸೀಳಿ ಹೋಗುವ ದೋಣಿಗೆ ಅದರ ಉದ್ದವೇ ಒಂದು ಗಡಿ ಹಾಕುತ್ತದೆ. ನೀರಿಗೆ ತಾಗುವ ಉದ್ದ 30 ಅಡಿ ಇದ್ದರೆ ಆ ಗಡಿ ಸುಮಾರು 7.3 ನಾಟ್, 36 ಅಡಿಗೆ 8 ನಾಟ್. ಸಪೂರ ದೋಣಿ ಸ್ವಲ್ಪ ಮೀರೀತು. ಗಡಿಯ ಹತ್ತಿರ ಬಂದ ಮೇಲೆ ಮುಂದಿನ ಅರ್ಧ ನಾಟ್‌ಗೆ ಬೇಕಾಗುವುದು ಹೆಚ್ಚಿನ ಪಿಚ್ ಅಲ್ಲ, ಹೆಚ್ಚಿನ ಶಕ್ತಿ. ಆ ಶಕ್ತಿಯನ್ನೇ ಅತಿಯಾದ ಪಿಚ್ ತಡೆಹಿಡಿದಿರುತ್ತದೆ. ಹಾಗಾಗಿ 4000ದಲ್ಲಿ ಸಿಕ್ಕಿಕೊಂಡ ಎಂಜಿನ್ನಿಗೆ ಪಿಚ್ ಇಳಿಸಿ 4700ಕ್ಕೆ ತಂದರೆ ತುಂಬಿದ ದೋಣಿಯ ಓಟ ಇಳಿಯುವ ಬದಲು ತುಸು ಏರುವ ಸಂಭವವೇ ಹೆಚ್ಚು. ತುಸು ಎಂದೆ; ದೊಡ್ಡ ಅಂಕಿಯ ಆಸೆ ಹುಟ್ಟಿಸುವುದಿಲ್ಲ. ಓಟದ ಮಾತಿನಲ್ಲಿ ನಾವು ಮರೆಯುವ ಇನ್ನೊಂದಿದೆ. ಮಳೆಗಾಲದಲ್ಲಿ ಅಳಿವೆ ದಾಟುವಾಗ ಎರಡು ತೆರೆಗಳ ನಡುವಿನ ಸಂದಿನಲ್ಲಿ ನುಗ್ಗಬೇಕು. ಅಲ್ಲಿ ಬೇಕಾಗುವುದು ಕೊನೆಯ ಓಟವಲ್ಲ, ನಿಂತಲ್ಲಿಂದ ಎಷ್ಟು ಬೇಗ ಚಿಮ್ಮುತ್ತದೆ ಎಂಬುದು. ಪಿಚ್ ಕಡಿಮೆ ಇರುವ ಫ್ಯಾನ್ ಆ ಚಿಮ್ಮು ಕೊಡುತ್ತದೆ. ಹೆಚ್ಚು ಪಿಚ್ಚಿನದು ರೇಸ್ ಕೊಟ್ಟ ಮೇಲೂ ಒಂದು ಕ್ಷಣ ತಿಣುಕುತ್ತದೆ, ಅಳಿವೆಯ ಬಾಯಲ್ಲಿ ಆ ಒಂದು ಕ್ಷಣ ಎಂದರೇನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡನೆಯ ಆಕ್ಷೇಪ ಕಿವಿಯಿಂದ ಹುಟ್ಟುತ್ತದೆ. ಪಿಚ್ ಇಳಿಸಿದ ಮೇಲೆ ಎಂಜಿನ್ ಕಿರುಚುತ್ತದೆ, ಹೆಚ್ಚು ತಿರುಗಿದರೆ ಹೆಚ್ಚು ಸವೆಯುತ್ತದೆ, ಹೆಚ್ಚು ಎಣ್ಣೆ ಕುಡಿಯುತ್ತದೆ ಎಂಬ ಅಂಜಿಕೆ. ಮಿತಿಯ ಆಚೆ ಹೋದರೆ ಈ ಅಂಜಿಕೆ ನಿಜ. 5500 ಮಿತಿಯ ಎಂಜಿನ್ 6000 ತಿರುಗಿದರೆ ಅದೂ ಒಡೆಯುತ್ತದೆ, ಅಲ್ಲಿಗೆ ಪಿಚ್ ತೀರಾ ಇಳಿಸಿದ್ದೀರಿ ಎಂದರ್ಥ. ಮಿತಿಯೊಳಗೆ ಮಾತ್ರ ಸುತ್ತಿನ ಸಂಖ್ಯೆ ಭಾರದ ಅಳತೆಯಲ್ಲ. ಫ್ಯಾನ್ ಹೀರುವ ಶಕ್ತಿ ಸುತ್ತಿನ ಘನದಂತೆ ಏರಿಳಿಯುತ್ತದೆ: ಸುತ್ತು ಐದರಲ್ಲಿ ನಾಲ್ಕು ಭಾಗಕ್ಕೆ ಇಳಿದರೆ ಬೇಕಾಗುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಸರಿಯಾದ ಫ್ಯಾನ್ ಹಾಕಿ 5000ದಲ್ಲಿ ಪೂರ್ತಿ 9.9 ಹೀರುವ ದೋಣಿಯನ್ನು ರೇಸ್ ತಗ್ಗಿಸಿ 4000ಕ್ಕೆ ತಂದರೆ ಎಂಜಿನ್ ಕೊಡುತ್ತಿರುವುದು ಸುಮಾರು 5 ಅಶ್ವಶಕ್ತಿ. ತಪ್ಪು ಫ್ಯಾನ್ ಹಾಕಿ ಪೂರ್ತಿ ರೇಸಿನಲ್ಲಿ 4000ದಲ್ಲೇ ನಿಂತ ದೋಣಿಯಲ್ಲಿ ಎಂಜಿನ್ ಕೊಡುತ್ತಿರುವುದು ಸುಮಾರು 8. ಸುತ್ತು ಅಳೆಯುವ ಮೀಟರಿನಲ್ಲಿ ಎರಡೂ ಒಂದೇ ಅಂಕಿ, ಕಿವಿಗೂ ಹೆಚ್ಚು ಕಡಿಮೆ ಒಂದೇ ಸದ್ದು. ಒಂದು ಎಂಜಿನ್ ಆರಾಮವಾಗಿದೆ, ಇನ್ನೊಂದು ಸಾಯುತ್ತಿದೆ.

ಎಣ್ಣೆಯ ಉಳಿತಾಯವೂ ಇಲ್ಲಿಂದಲೇ ಬರುತ್ತದೆ, ಫ್ಯಾನ್ ಬದಲಿಸಿದ ಮಾತ್ರಕ್ಕೆ ಬರುವುದಿಲ್ಲ. ಎರಡು ಸ್ಟ್ರೋಕಿನ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಅರ್ಧ ಲೀಟರ್ ಸುಡುತ್ತದೆ ಎಂದಿಟ್ಟುಕೊಳ್ಳಿ. ಹತ್ತು ನಾಟಿಕಲ್ ಮೈಲು ದೂರಕ್ಕೆ 8 ಅಶ್ವಶಕ್ತಿ ಸುರಿದು 7 ನಾಟ್‌ನಲ್ಲಿ ಹೋದರೆ ಒಂದು ಗಂಟೆ 26 ನಿಮಿಷ, ಸುಮಾರು ಐದೂಮುಕ್ಕಾಲು ಲೀಟರ್. ಸರಿಯಾದ ಫ್ಯಾನಿನಲ್ಲಿ ರೇಸ್ ಇಳಿಸಿ 6 ನಾಟ್‌ನಲ್ಲಿ ಹೋದರೆ ಒಂದು ಗಂಟೆ 40 ನಿಮಿಷ, ನಾಲ್ಕೂವರೆ ಲೀಟರಿನ ಆಸುಪಾಸು. ಹದಿನಾಲ್ಕು ನಿಮಿಷಕ್ಕೆ ಒಂದೂಕಾಲು ಲೀಟರ್, ಅದೂ ಒಂದು ಕಡೆಯ ಪಯಣಕ್ಕೆ. ಮೀನಿನ ಗುಂಪು ಕಂಡ ದಿನ ಹದಿನಾಲ್ಕು ನಿಮಿಷ ಕೊಡಲಾಗದು, ಒಪ್ಪಿದೆ. ಬಲೆ ಎತ್ತಿ ಮನೆ ಕಡೆ ಬರುವಾಗಲೂ ಪೂರ್ತಿ ರೇಸ್ ಯಾಕೆ? ತಪ್ಪು ಫ್ಯಾನ್ ಇದ್ದಾಗ ಪೂರ್ತಿ ರೇಸ್ ಕೊಟ್ಟರೇನೇ ದೋಣಿ ಹೋದಂತೆ ಅನಿಸುತ್ತದೆ, ಆದ್ದರಿಂದ ಕೈ ತಾನಾಗಿ ಅಲ್ಲೇ ಹೋಗುತ್ತದೆ. ಸರಿಯಾದ ಫ್ಯಾನಿನಲ್ಲಿ ಇಳಿಸಲು ಜಾಗ ಇರುತ್ತದೆ.

ಸೀಮೆಎಣ್ಣೆಯೇ ಕಾರಣ ಎನ್ನುವವರಿದ್ದಾರೆ. ಕಲಬೆರಕೆ, ಕಸ, ನೀರು ಸೇರಿದ ಎಣ್ಣೆಯಿಂದ ಎಂಜಿನ್ ಹಾಳಾಗುವುದನ್ನು ಅಲ್ಲಗಳೆಯುವುದಿಲ್ಲ. ಆದರೆ ಸೀಮೆಎಣ್ಣೆಯ ಗುಣ ನನ್ನ ವಾದವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಪೆಟ್ರೋಲಿಗಿಂತ ಅದರ ಆಕ್ಟೇನ್ ಕಡಿಮೆ. ಒತ್ತಡ, ಬಿಸಿ ಹೆಚ್ಚಿದರೆ ಕಿಡಿ ಹೊತ್ತಿಸಿದ ಉರಿ ಬಂದು ತಲುಪುವವರೆಗೆ ಕಾಯದೆ ತಾನೇ ಸಿಡಿದು ಪಿಸ್ಟನ್ನಿಗೆ ಗುದ್ದುತ್ತದೆ. ಅದಕ್ಕೆಂದೇ ಸೀಮೆಎಣ್ಣೆ ಎಂಜಿನ್ನಿನಲ್ಲಿ ಸಿಲಿಂಡರಿನ ಒತ್ತಡ ಕಡಿಮೆ ಇಟ್ಟಿರುತ್ತಾರೆ, ಪೆಟ್ರೋಲಿನಲ್ಲಿ ಚಾಲೂ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ ಎನ್ನುತ್ತಾರೆ. ಸುತ್ತು ಕಡಿಮೆ, ರೇಸ್ ಪೂರ್ತಿ ಎಂಬ ಸ್ಥಿತಿಗಿಂತ ಆ ಸಿಡಿತಕ್ಕೆ ಅನುಕೂಲವಾದ ಸ್ಥಿತಿ ಇನ್ನೊಂದಿಲ್ಲ. ಎಣ್ಣೆ ಎಷ್ಟು ಕೆಟ್ಟದ್ದೋ ಫ್ಯಾನ್ ಅಷ್ಟು ಸರಿಯಿರಬೇಕು. ಪೆಟ್ರೋಲಿನ ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಬದಲಾಗುವವರಿಗೂ ಇದರಿಂದ ಬಿಡುಗಡೆ ಇಲ್ಲ. ಅವುಗಳಲ್ಲಿ ಹಲವಕ್ಕೆ ಮಿತಿ 5000ದಿಂದ 6000. ಅಷ್ಟು ತಿರುಗದಂತೆ ಕಟ್ಟಿಹಾಕಿದರೆ ಅವೂ ನರಳುತ್ತವೆ.

ದೊಡ್ಡ ಎಂಜಿನ್ ಹಾಕಿದರಾಯಿತಲ್ಲ ಎಂಬ ಮಾತಿಗೆ ಉತ್ತರ ಚಿಕ್ಕದು. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಬೋಟುಗಳು ದಕ್ಕೆಯಲ್ಲಿ ನಿಂತಿರುವ 61 ದಿನ, ಕಡಲಿಗಿಳಿಯಲು ನಿಮಗಿರುವ ವಿನಾಯಿತಿ 10 ಅಶ್ವಶಕ್ತಿಯೊಳಗಿನ ಎಂಜಿನ್ನಿಗೆ. ನಿಮ್ಮ ಎಂಜಿನ್ನಿನ ಮೇಲೆ 9.9 ಎಂಬ ವಿಚಿತ್ರ ಅಂಕಿ ಕೂತಿರುವುದೂ ಇಂಥ ಕಾನೂನುಗಳಿಗೆ ತಲೆಬಾಗಿಯೇ. ಅಮೆರಿಕದ ಎಷ್ಟೋ ಕೆರೆಗಳಲ್ಲಿಯೂ ಹತ್ತರ ಗಡಿ ಇದೆ. ಗಡಿ ದಾಟುವಂತಿಲ್ಲ ಎಂದ ಮೇಲೆ ಗಡಿಯೊಳಗಿನ 9.9 ಪೂರ್ತಿ ಸಿಗುವಂತೆ ನೋಡಿಕೊಳ್ಳುವುದೊಂದೇ ದಾರಿ.

ಫ್ಯಾನಿನ ಅಂಚಿಗೆ ಅರ ಹಾಕಿ ರೆಕ್ಕೆ ಸಣ್ಣ ಮಾಡಿಸುವ ಉಪಾಯದ ಬಗ್ಗೆ ಒಂದು ಮಾತು, ಏಕೆಂದರೆ ಅದೂ ಸುತ್ತು ಏರಿಸುತ್ತದೆ. ಏರಿಸುತ್ತದೆ ನಿಜ, ತಪ್ಪು ದಾರಿಯಲ್ಲಿ. ಭಾರ ಎಳೆಯುವ ದೋಣಿಗೆ ಬೇಕಾದದ್ದು ದೊಡ್ಡ ವ್ಯಾಸ, ಕಡಿಮೆ ಪಿಚ್. ಅರ ಹಾಕಿದಾಗ ಪಿಚ್ ಇದ್ದಂತೆಯೇ ಉಳಿದು ವ್ಯಾಸ ಸಣ್ಣದಾಗುತ್ತದೆ, ನೀರನ್ನು ದೂಡುವ ಮೈ ಕಡಿಮೆಯಾಗುತ್ತದೆ. ಮೂರು ರೆಕ್ಕೆಯೂ ಕೈಯಲ್ಲಿ ಒಂದೇ ಸಮ ಬರುವುದೂ ಇಲ್ಲ. ನಡುಕ ಶುರುವಾಗಿ ಶಾಫ್ಟಿನ ಸೀಲು ಹೋಗುತ್ತದೆ, ಗೇರ್ ಆಯಿಲಿಗೆ ಉಪ್ಪುನೀರು ಸೇರುತ್ತದೆ. ಹೊಸ ಅಲ್ಯೂಮಿನಿಯಂ ಫ್ಯಾನ್ ಗೇರ್ ಪೆಟ್ಟಿಗೆಗಿಂತ ಬಹಳ ಅಗ್ಗ.

ಭಾರ ದಿನಕ್ಕೊಂದು ಥರ ಎಂಬುದು ನಾನು ಒಪ್ಪುವ ಆಕ್ಷೇಪ. ಹೋಗುವಾಗ ಖಾಲಿ, ಬರುವಾಗ ಬೂತಾಯಿ ತುಂಬಿರುತ್ತದೆ, ಕೆಲವು ದಿನ ಬರುವಾಗಲೂ ಖಾಲಿಯೇ. ಒಂದೇ ಫ್ಯಾನ್ ಎರಡಕ್ಕೂ ಪರಮ ಸರಿ ಆಗುವುದು ಸಾಧ್ಯವಿಲ್ಲ. ಭಾರಕ್ಕೆ ಹೊಂದಿಸಿಕೊಳ್ಳಿ ಎನ್ನುತ್ತೇನೆ, ಕಾರಣ ಸರಳ: ಖಾಲಿ ದೋಣಿಯಲ್ಲಿ ಎಂಜಿನ್ ಮಿತಿ ಮೀರಿ ತಿರುಗುತ್ತಿದ್ದರೆ ರೇಸ್ ಇಳಿಸುವುದು ನಿಮ್ಮ ಕೈಯಲ್ಲಿದೆ, ತುಂಬಿದ ದೋಣಿಯಲ್ಲಿ ಎಂಜಿನ್ ತಿರುಗದೆ ನಿಂತರೆ ಮಾಡಲು ಏನೂ ಇಲ್ಲ. ಋತುವಿಗೊಂದರಂತೆ ಎರಡು ಫ್ಯಾನ್ ಇಟ್ಟುಕೊಳ್ಳುವವರು ಇನ್ನೂ ಜಾಣರು. ಬದಲಿಸಲು ಒಂದು ಕಾಟರ್ ಪಿನ್, ಒಂದು ನಟ್ಟು, ಶಾಫ್ಟಿಗೆ ಸ್ವಲ್ಪ ಗ್ರೀಸು ಸಾಕು. ದೋಣಿಯಲ್ಲಿ ಬಿಡಿ ಫ್ಯಾನ್ ಇದ್ದರೆ ಮರಳ ದಿಬ್ಬಕ್ಕೆ ರೆಕ್ಕೆ ಮುರಿದ ದಿನ ಅದಕ್ಕೆ ಕೊಟ್ಟ ದುಡ್ಡು ಅಂದೇ ಹುಟ್ಟುತ್ತದೆ.

ಇನ್ನು ಅಳತೆ. ಕಿವಿಯಿಂದ ಸುತ್ತು ಎಣಿಸುವುದನ್ನು ಬಿಡಿ, ಎಷ್ಟು ಹಳೆಯ ತಂಡೇಲರಾದರೂ. ಪ್ಲಗ್ಗಿನ ವಯರಿಗೆ ಒಂದು ತೆಳ್ಳನೆ ತಂತಿ ಸುತ್ತಿದರೆ ಸುತ್ತು ತೋರಿಸುವ ಸಣ್ಣ ಡಿಜಿಟಲ್ ಮೀಟರುಗಳು ಸಿಗುತ್ತವೆ. ಒಂದು ಸುತ್ತಿಗೆ ಎಷ್ಟು ಕಿಡಿ ಎಂಬುದನ್ನು ಮೀಟರಿನಲ್ಲಿ ಮೊದಲು ಸರಿಹೊಂದಿಸಬೇಕು. ತಪ್ಪಿದರೆ ಅದು ಅರ್ಧವನ್ನೋ ಎರಡರಷ್ಟನ್ನೋ ತೋರಿಸಿ ದಾರಿ ತಪ್ಪಿಸುತ್ತದೆ. ಪರೀಕ್ಷೆಗೆ ದೋಣಿಯ ತಳ ಉಜ್ಜಿರಬೇಕು, ಪಾಚಿ ಚಿಪ್ಪು ಹತ್ತಿದ ತಳದ ತಪ್ಪನ್ನು ಫ್ಯಾನಿನ ಮೇಲೆ ಹೊರಿಸಬಾರದು. ರೆಕ್ಕೆಯ ಅಂಚು ಡೊಂಕಾಗಿದ್ದರೆ, ಗುಂಬದೊಳಗಿನ ರಬ್ಬರ್ ಬುಶ್ ಜಾರುತ್ತಿದ್ದರೆ ಆ ಫ್ಯಾನಿನ ಅಂಕಿಗೆ ಅರ್ಥವಿಲ್ಲ. ಸಾಮಾನ್ಯ ದಿನ ಎಷ್ಟು ಜನ, ಎಷ್ಟು ಬಲೆ, ಎಷ್ಟು ಐಸು, ಎಷ್ಟು ಕ್ಯಾನ್ ಎಣ್ಣೆ ಇರುತ್ತದೋ ಅಷ್ಟನ್ನೂ ಹೇರಿ. ಅಳಿವೆಯ ಒಳಗಿನ ತಿಳಿನೀರಿನಲ್ಲಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಪೂರ್ತಿ ರೇಸಿನಲ್ಲಿ ಒಮ್ಮೆ ನದಿಯ ಮೇಲ್ಮುಖವಾಗಿ, ಒಮ್ಮೆ ಕೆಳಮುಖವಾಗಿ ಓಡಿಸಿ ಎರಡರ ಸರಾಸರಿ ತೆಗೆಯಿರಿ. ಹೊಳೆಯ ಸೆಳೆತ ಲೆಕ್ಕದಿಂದ ಹೋಗುತ್ತದೆ. ಮೀಟರಿನ ಸುತ್ತು, ಜಿಪಿಎಸ್ಸಿನ ಓಟ, ಎರಡನ್ನೂ ಬರೆಯಿರಿ. ಸುತ್ತೊಂದನ್ನೇ ನೋಡಿದರೆ ಮೋಸ ಹೋಗುವ ಸಂದರ್ಭವೂ ಇದೆ: ಎಂಜಿನ್ ತೀರಾ ಮೇಲೆ ಕೂತಿದ್ದರೆ ಫ್ಯಾನ್ ಗಾಳಿ ಎಳೆದುಕೊಂಡು ಸುತ್ತು ಜಿಗಿಯುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಫ್ಯಾನಿನ ಮೇಲಿರುವ ಚಪ್ಪಟೆ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಬಂದಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆ ಎಂಬುದು ಎಂಜಿನ್ ಜಗತ್ತಿನ ರೂಢಿಯ ಲೆಕ್ಕ. ಅದು ದೊಡ್ಡ ಎಂಜಿನ್‌ಗಳ, ಹದಿನೈದಿಪ್ಪತ್ತು ಇಂಚು ಪಿಚ್ಚಿನ ಫ್ಯಾನುಗಳಿಂದ ಬಂದದ್ದು. ನಿಮ್ಮ 9 ಇಂಚಿನ ಫ್ಯಾನಿನಲ್ಲಿ ಒಂದು ಇಂಚು ಎಂದರೆ ಒಂಬತ್ತರಲ್ಲೊಂದು ಪಾಲು. ಪರಿಣಾಮ ಅದಕ್ಕಿಂತ ಜೋರಾಗಿಯೇ ಕಂಡೀತು. ಆದ್ದರಿಂದ ಒಮ್ಮೆಗೆ ಒಂದೊಂದೇ ಇಂಚು ಇಳಿಸಿ ನೋಡುವುದು ಕ್ಷೇಮ.

ಒಬ್ಬ ದೋಣಿ ಮಾಲೀಕ ನಾಲ್ಕು ಫ್ಯಾನ್ ಕೊಂಡು ಮೂರನ್ನು ಮೂಲೆಗಿಡಲಾರ. ಅದಕ್ಕೇ ಈ ಪತ್ರವನ್ನು ಸಂಘಗಳಿಗೂ ಬರೆದಿದ್ದೇನೆ. ಸಂಘದ ಹೆಸರಿನಲ್ಲಿ ಎರಡು ಮೀಟರ್, ಹೆಚ್ಚು ಬಳಕೆಯಲ್ಲಿರುವ ಎಂಜಿನ್ ಮಾದರಿಗೆ 7, 8, 9, 10 ಇಂಚು ಪಿಚ್ಚಿನ ಒಂದೊಂದು ಫ್ಯಾನ್ ತಂದಿಡಿ. ಏಪ್ರಿಲ್-ಮೇ ತಿಂಗಳಲ್ಲಿ, ಮಳೆಗಾಲದ ತಯಾರಿಗೆ ಎಂಜಿನ್ ಇಳಿಸುವ ಹೊತ್ತಿನಲ್ಲಿ, ಒಂದೊಂದು ದೋಣಿಗೆ ಹಾಕಿ ನೋಡಿ, ಹೊಂದಿದ್ದನ್ನು ಮಾಲೀಕರು ಕೊಳ್ಳಲಿ, ಸಂಘದ ಫ್ಯಾನ್ ಮರಳಿ ಸಂಘಕ್ಕೆ. ಒಂದು ನೋಟುಪುಸ್ತಕದಲ್ಲಿ ದೋಣಿಯ ಉದ್ದ, ಹೇರಿದ ಭಾರ, ಎಂಜಿನ್ ಮಾದರಿ, ಗೇರಿನ ಅನುಪಾತ, ಫ್ಯಾನಿನ ಎರಡು ಅಂಕಿ, ಸುತ್ತು, ಓಟ ಇಷ್ಟನ್ನು ದಾಖಲಿಸುತ್ತ ಹೋದರೆ ಎರಡು ಮೂರು ವರ್ಷದಲ್ಲಿ ನಮ್ಮ ಕರಾವಳಿಯ ದೋಣಿಗಳಿಗೆ ಯಾವ ಫ್ಯಾನ್ ಎಂಬ ಪಟ್ಟಿ ಯಾವ ಕಂಪನಿಯೂ ಕೊಡಲಾರದಷ್ಟು ಖಚಿತವಾಗಿ ನಿಮ್ಮ ಕೈಯಲ್ಲೇ ತಯಾರಾಗುತ್ತದೆ. ಮುಂದಿನ ಸಲ ಎಂಜಿನ್ ಸಹಾಯಧನಕ್ಕೆ ಅರ್ಜಿ ಬರೆಯುವಾಗ ಆ ಪುಸ್ತಕವನ್ನು ಜೊತೆಗಿಟ್ಟು, ಎಂಜಿನ್ ಜೊತೆ ದೋಣಿಗೆ ಹೊಂದುವ ಫ್ಯಾನನ್ನೂ ಸೇರಿಸಿ ಕೊಡಿ ಎಂದು ಮೀನುಗಾರಿಕಾ ಇಲಾಖೆಯನ್ನು ಕೇಳಬಹುದು. ಎಂಜಿನ್ ಮಾರುವವರನ್ನೂ ಅದೇ ಪುಸ್ತಕ ತೋರಿಸಿ ಕೇಳಬಹುದು: ಪೆಟ್ಟಿಗೆಯಲ್ಲಿರುವ 9 ಇಂಚನ್ನು ವಾಪಸ್ ತೆಗೆದುಕೊಂಡು 7 ಇಂಚು ಕೊಡುತ್ತೀರೋ, ಇಲ್ಲವೇ ಪಕ್ಕದ ಅಂಗಡಿಗೆ ಹೋಗೋಣವೋ ಎಂದು. ಒಬ್ಬೊಬ್ಬರೇ ಹೋದರೆ ಅವರು ನಗುತ್ತಾರೆ, ಇಪ್ಪತ್ತು ಎಂಜಿನ್ನಿನ ಆರ್ಡರ್ ಹಿಡಿದುಕೊಂಡು ಸಂಘ ಹೋದರೆ ಫ್ಯಾನ್ ಬದಲಿಸಿ ಕೊಡುತ್ತಾರೆ.

ವಿಶ್ವಾಸದಿಂದ,
ನಿಮ್ಮ ಹಿತೈಷಿ